ಒದ್ದೆ ಟವೆಲ್ಲಿನ ಶಾಲು

ನಮ್ಮ ಆರ್ಕೆಸ್ಟ್ರಾ ತಂಡದ ಮ್ಯಾನೇಜರರ ಹೆಗಲ ಮೇಲೆ ಸದಾ ಒಂದು ಒದ್ದೆ ಟವೆಲ್ ಇರುತ್ತಿತ್ತು. ಅದರ ತುದಿಯಿಂದ ನೀರಿಳಿದು ಅಂಗಿಯ ಬೆನ್ನು ಯಾವಾಗಲೂ ನೆನೆದಿರುತ್ತಿತ್ತು. ದಾರಿಯುದ್ದಕ್ಕೂ ಬಿಸಿಲಿಗೆ ಅದನ್ನು ತಲೆಗೆ ಹಾಕಿಕೊಳ್ಳುವುದು, ಊರು ಬಂದ ಕೂಡಲೇ ಇಳಿದು ಮೊದಲು ಕಂಡ ಗಿಡದ ಬುಡಕ್ಕೆ ಹಿಂಡುವುದು. ಮೈಕು, ಲೈಟು, ನಮ್ಮ ಊಟದ ವಿಚಾರವೆಲ್ಲ ಆಮೇಲೆ.

ಹಾಸನದಿಂದ ಹೊರಟ ವ್ಯಾನು ಅರಕಲಗೂಡು, ಚನ್ನರಾಯಪಟ್ಟಣ ಎಂದು ಸುತ್ತುತ್ತಿತ್ತು. ಕಿಟಕಿಗೆ ತಲೆಯಾನಿಸಿ ಅರೆನಿದ್ದೆಯಲ್ಲಿರುತ್ತಿದ್ದ ನನಗೆ, ನಾವು ನಿಂತೇ ಇದ್ದೇವೆ, ರಸ್ತೆಬದಿಯ ಮರಗಳೇ ನಡೆದು ಬರುತ್ತಿವೆ ಅನಿಸುತ್ತಿತ್ತು. ಈಗ ನೆನೆದರೆ ಆ ವರ್ಷಗಳೆಲ್ಲ ಒಂದೇ ಉದ್ದನೆಯ ಸಂಜೆ.

ಕಾರ್ಯಕ್ರಮ ಒಪ್ಪಿಕೊಳ್ಳುವಾಗ ಮ್ಯಾನೇಜರರದು ಒಂದೇ ಹಟ. ಕಲಾವಿದರಿಗೆ ಹಾರ, ಶಾಲು ಬೇಡ. ಆ ದುಡ್ಡಿನಲ್ಲಿ ವೇದಿಕೆಯ ಹತ್ತಿರ ಗಿಡ ನೆಟ್ಟು, ಬೇಲಿ ಕಟ್ಟಿ, ಬೇಸಿಗೆಯಲ್ಲಿ ನೀರು ಹೊಯ್ಯಿಸಬೇಕು. "ಮುಂದಿನ್ ವರ್ಸ ನಾವು ಬರ್ಬೇಕು ಅಂದ್ರೆ ಗಿಡ ಬದುಕಿರ್ಬೇಕು ಸಾ," ಎನ್ನುತ್ತಿದ್ದರು. ಗಿಡ ಒಣಗಿಸಿದ ಊರಿಗೆ ನಿಜಕ್ಕೂ ಹೋಗುತ್ತಿರಲಿಲ್ಲ. ಅವರ ಬಾಯಲ್ಲಿ 'ಹ' ಮಾತ್ರ ನಿಲ್ಲುತ್ತಿರಲಿಲ್ಲ. "ನಿನ್ನ ಆಡು ಚೆಂದಾಗಿತ್ತು ಕಣವ್ವ," ಎಂದರೆ, "ಆಡು ಬುಟ್ರೆ ನಿಮ್ ಗಿಡ ಉಳಿಯಕಿಲ್ಲ ಸಾ," ಎಂದು ನಾನು ರೇಗಿಸುತ್ತಿದ್ದೆ.

ಹೊಳೆನರಸೀಪುರ ನನ್ನೂರು. ಅಲ್ಲಿ ನಾನು ಮೊದಲ ಸಲ ಹಾಡಿದ ದಿನ ಅವ್ವ ಮುಂದಿನ ಸಾಲಿನಲ್ಲೇ ಕೂತಿದ್ದಳು. ಹೆಣ್ಣುಮಗಳು ಊರೂರು ಸುತ್ತಿ ಹಾಡುವುದು ಮನೆತನಕ್ಕೆ ತಕ್ಕುದಲ್ಲ ಎಂದು ನೆಂಟರು ಅವಳನ್ನು ಚುಚ್ಚುತ್ತಿದ್ದರು. ಎಲ್ಲರೆದುರು ನನ್ನ ಹೆಗಲಿಗೆ ಒಂದು ಶಾಲು ಬಿದ್ದರೆ ಆ ಬಾಯಿಗಳು ಮುಚ್ಚುತ್ತವೆಂದು ಅವಳ ನಂಬಿಕೆ. "ಇದೊಂದೂರಲ್ಲಿ ಶಾಲು ಹಾಕಿಸ್ಬುಡಿ ಸಾ, ಅವ್ವನಿಗೋಸ್ಕರ," ಎಂದು ಮ್ಯಾನೇಜರರನ್ನು ಬೇಡಿಕೊಂಡೆ. ಅವರು ಸಸಿಯ ಗುಂಡಿ ನೋಡಲು ಹೋದರು.

ಹಾಡು ಮುಗಿಯಿತು. ಅವರು ವೇದಿಕೆ ಹತ್ತಿ ಬಂದು, ತಮ್ಮ ಒದ್ದೆ ಟವೆಲ್ಲನ್ನು ಜೋಪಾನವಾಗಿ ಬಿಡಿಸಿ ನನಗೆ ಹೊದಿಸಿದರು. ಜನ ನಕ್ಕರು. ನನಗೆ ಸಿಟ್ಟು, ಅಳು ಒಟ್ಟಿಗೇ ಬಂದವು. ಅವರು ಮೈಕು ಹಿಡಿದು, ಪಕ್ಕದಲ್ಲಿ ಅಂದೇ ನೆಟ್ಟಿದ್ದ ಮೊಳದುದ್ದದ ಹೊಂಗೆಸಸಿ ತೋರಿಸಿದರು.

"ಈವಮ್ಮನ ಶಾಲು ಅಲ್ಲಿ ಅದೆ ನೋಡಿ. ಈಗ ಚಿಕ್ಕದು. ದೊಡ್ಡದಾದ್ರೆ ಊರ್ನೋರೆಲ್ಲ ಒದ್ಕೋಬೋದು."

ನಗು ನಿಂತಿತು. ಅವ್ವ ಎದ್ದು ಬಂದಳು. ನನ್ನ ಹೆಗಲಿನ ಟವೆಲ್ ತೆಗೆದು, ನೆಂಟರೆಲ್ಲ ನೋಡುತ್ತಿದ್ದಂತೆ ಸಸಿಯ ಬುಡಕ್ಕೆ ಹಿಂಡಿದಳು. ಅಂದಿನಿಂದ ಅದಕ್ಕೆ ನೀರು ಹೊಯ್ಯುವ ಕೆಲಸ ಅವಳದೇ ಆಯಿತು. ಚುಚ್ಚುತ್ತಿದ್ದ ನೆಂಟರು ಬರಬರುತ್ತಾ ತಮ್ಮ ಮನೆ ಮದುವೆಗೂ ನನ್ನನ್ನು ಹಾಡಲು ಕರೆದರು. ನಾನು ಹಾಡುಗಾರ್ತಿಯಾಗಿ ಉಳಿದದ್ದು ಆ ಟವೆಲ್ಲಿನ ಋಣದಿಂದ.

ಈಚೆಗೆ ಮ್ಯಾನೇಜರ್ ತೀರಿಕೊಂಡರು. ಊರೂರಿಂದ ಜನ ಬಂದಿದ್ದರು. ಹಾರ ತಂದವರು ಕಡಿಮೆ. ಅವರ ಹೆಂಡತಿ ಒಳಗಿನಿಂದ ಟವೆಲ್ ತಂದು ನನ್ನ ಕೈಗಿತ್ತರು. ಅದು ಒಣಗಿದ್ದನ್ನು ನಾನು ಕಂಡದ್ದು ಅದೇ ಮೊದಲು.

ಅದನ್ನು ಊರಿಗೆ ತೆಗೆದುಕೊಂಡು ಬಂದೆ. ಹೊಂಗೆ ಈಗ ಇಡೀ ವೇದಿಕೆಗೆ ನೆರಳಾಗಿದೆ. ಸಂಜೆಯ ಗಾಳಿಗೆ ಹೂವು ಸದ್ದಿಲ್ಲದೆ ಉದುರುತ್ತಿತ್ತು. ಅವ್ವ ಬಿಂದಿಗೆ ತುಂಬಿಕೊಂಡು ಕಾದಿದ್ದಳು. ಟವೆಲ್ ಅದ್ದಿ ಬುಡಕ್ಕೆ ಹಿಂಡಿದೆ. ಮಡಿಚಿಡಲು ಹೋದಾಗ ಅವ್ವ ಕೈ ಹಿಡಿದಳು.

"ಇನ್ನೊಂದ್ ಸಲ ಇಂಡವ್ವ," ಎಂದಳು. "ಇದು ಅವ್ರ ಶಾಲು."