ಡ್ರೈವರಮ್ಮನ ಹೊಸ ರೂಟು

ಸಿಟಿ ಬಸ್ಸಿನ ಸ್ಟೇರಿಂಗ್ ಹಿಡಿದೇ ತಲೆ ನರೆಸಿಕೊಂಡವಳನ್ನು ಊರಿಗೆ ಊರೇ ಡ್ರೈವರಮ್ಮ ಎಂದು ಕರೆಯುತ್ತಿತ್ತು. ಅವಳು ನಿವೃತ್ತಿಯಾದರೂ ಆ ಹೆಸರು ನಿವೃತ್ತಿಯಾಗಲಿಲ್ಲ. ದೇಶದ ಆ ತುದಿಯಲ್ಲಿದ್ದ ಮಗ, ಒಬ್ಬಳೇ ಅಲ್ಲೇನು ಮಾಡುತ್ತೀ, ಇಲ್ಲಿಗೇ ಬಂದುಬಿಡು ಎಂದು ಫೋನಿನಲ್ಲಿ ಗೋಗರೆದಾಗ ಅವಳು ಸುಲಭಕ್ಕೆ ಒಪ್ಪಲಿಲ್ಲ. ಮಗನ ಮನೆಯಲ್ಲಲ್ಲ, ಅದೇ ಬೀದಿಯಲ್ಲಿ ತನ್ನದೇ ಒಂದು ಕೋಣೆ ಬೇಕು ಎಂದಳು. ದಿನಾ ಮಾಡುವುದಕ್ಕೊಂದು ಕೆಲಸವೂ ಬೇಕು ಎಂದಳು. ಕೂತು ಉಣ್ಣುವುದಕ್ಕೆ ಅಷ್ಟು ದೂರ ಬರುವ ಪೈಕಿಯಲ್ಲ ಅವಳು. ಕೆಲಸವಿಲ್ಲದಿದ್ದರೆ ಬಂದ ರೈಲಿನಲ್ಲೇ ವಾಪಸು ಎಂದು ಹೇಳಿಯೇ ಹೊರಟಳು, ಅದು ಬರೀ ಬಾಯಿಮಾತಲ್ಲ ಎಂಬುದು ಮಗನಿಗೂ ಗೊತ್ತಿತ್ತು.

ಕೋಣೆ ಸಿಕ್ಕಿತು, ಹೊಲಿಗೆ ಅಂಗಡಿಯ ಮಹಡಿಯ ಮೇಲೆ. ಒಂದು ಮಂಚ, ಒಂದು ಸ್ಟವ್, ರಸ್ತೆಯ ಕಡೆಗೊಂದು ಕಿಟಕಿ. ಕೆಳಗೆ ಹೊಲಿಗೆ ಯಂತ್ರಗಳು ಗರಗರ ಎಂದರೆ ಮಂಚ ಸಣ್ಣಗೆ ನಡುಗುತ್ತಿತ್ತು. ಎಂಜಿನ್ನಿನ ಪಕ್ಕದಲ್ಲೇ ಬಾಳಿದವಳಿಗೆ ಅದು ಹಿತವಾಗಿಯೇ ಇತ್ತು. ಕೆಲಸವೂ ಸಿಕ್ಕಿತು. ಮಗ ಕಾರ್ಖಾನೆಯಲ್ಲಿ ವೆಲ್ಡರ್, ಸೊಸೆ ಆಸ್ಪತ್ರೆಯಲ್ಲಿ ನರ್ಸ್. ಒಂದನೇ ಕ್ಲಾಸಿನ ಮೊಮ್ಮಗಳನ್ನು ಬೆಳಿಗ್ಗೆ ಶಾಲೆಗೆ ಬಿಡುವುದು ಅಜ್ಜಿಯ ಪಾಲಿಗೆ ಬಂತು.

ಶಾಲೆಯೇನು ದೂರವಲ್ಲ. ಪಾರ್ಕಿನೊಳಗೆ ಹಾಯ್ದು ಒಂದು ಗಲ್ಲಿ ದಾಟಿದರೆ ಆಯಿತು. ಸೊಸೆ ಹಿಂದಿನ ಸಂಜೆಯೇ ಕರೆದೊಯ್ದು ತೋರಿಸಿದ್ದಳು, ಡ್ರೈವರಮ್ಮ ಹೂಂಗುಟ್ಟಿದ್ದಳು. ಆದರೆ ಬೆಳಿಗ್ಗೆ ಮೊಮ್ಮಗಳ ಕೈ ಹಿಡಿದು ಬೀದಿಗಿಳಿದದ್ದೇ ತಡ, ಕಾಲು ತಾನಾಗಿಯೇ ಮೇನ್ ರೋಡಿಗೆ ತಿರುಗಿತು. ಬಸ್ಸು ನುಗ್ಗದ ದಾರಿಯನ್ನು ದಾರಿ ಎಂದು ಒಪ್ಪುವುದಕ್ಕೆ ಆ ಕಾಲುಗಳು ತಯಾರಿರಲಿಲ್ಲ. ಹೋಗಲಿ, ಸುತ್ತುಬಳಸಿನ ದಾರಿಯಲ್ಲಾದರೂ ನೆಟ್ಟಗೆ ನಡೆದಳೇ? ಪ್ರತಿಯೊಂದು ಬಸ್ ಸ್ಟಾಪಿನಲ್ಲೂ ನಿಂತು ಹಿಂದೆ ತಿರುಗಿ ನೋಡಿದಳು. ಯಾಕಜ್ಜಿ ನಿಂತೆ ಎಂದು ಮೊಮ್ಮಗಳು ಕೇಳಿದರೆ, ಹತ್ತುವವರಿದ್ದರೆ ಹತ್ತಲಿ ಎಂದಳು. ತಾನೇನು ಹೇಳಿದೆ ಎಂಬುದು ಅವಳಿಗೇ ಹೊಳೆಯುವ ಹೊತ್ತಿಗೆ ಶಾಲೆಯ ಗೇಟು ಮುಚ್ಚಿತ್ತು.

ಶಾಲೆಯವರು ಆಸ್ಪತ್ರೆಗೆ ಫೋನ್ ಮಾಡಿದರು. ಸಂಜೆ ಸೊಸೆ ಬೈಯಲಿಲ್ಲ. ಬೈದಿದ್ದರೇ ಚೆನ್ನಾಗಿತ್ತು, ಟ್ರಾಫಿಕ್ಕಿನಲ್ಲಿ ಬೈಸಿಕೊಂಡು ಬಡ್ಡಿ ಸಮೇತ ವಾಪಸು ಕೊಟ್ಟು ಡ್ರೈವರಮ್ಮನಿಗೆ ಅಭ್ಯಾಸವಿತ್ತು.

"ಅತ್ತೆ, ನಿಮಗ್ಯಾಕೆ ಸುಮ್ನೆ ತೊಂದ್ರೆ. ಮುಂದಿನ ತಿಂಗಳಿಂದ ಸ್ಕೂಲ್ ವ್ಯಾನಿಗೆ ಹೇಳ್ಬಿಡ್ತೀನಿ. ನೀವು ಆರಾಮಾಗಿರಿ," ಎಂದಳು ಸೊಸೆ.

ಆರಾಮಾಗಿರಿ. ಡಿಪೋದವರು ಬೀಳ್ಕೊಡುವಾಗ ಹೇಳಿದ್ದೂ ಇದೇ ಮಾತು. ಒಂದೇ ವರ್ಷದಲ್ಲಿ ಎರಡೆರಡು ಸಲ ನಿವೃತ್ತಿಯಾಗುವುದು ಯಾರಿಗೆ ತಾನೇ ಹಿಡಿಸೀತು? ಅವಳಿಗೆ ಅವಮಾನವಾಯಿತು, ಅದಕ್ಕಿಂತ ಹೆಚ್ಚಾಗಿ ದುಃಖವಾಯಿತು. ಈ ತಿಂಗಳು ಮುಗಿಯುವವರೆಗಾದರೂ ನಾನೇ ಬಿಡುತ್ತೇನೆ ಎಂದಷ್ಟೇ ಹೇಳಿ ಎದ್ದುಹೋದಳು.

ಮಾರನೆಯ ದಿನ ಪಾರ್ಕಿನ ದಾರಿ ಹಿಡಿಯಬಹುದಿತ್ತು. ಹಿಡಿಯಲಿಲ್ಲ. ಹಟ ಎನ್ನಿ, ಜಂಬ ಎನ್ನಿ. ತಪ್ಪಿದ್ದು ಹೊತ್ತೇ ಹೊರತು ದಾರಿಯಲ್ಲ ಎಂಬುದು ಅವಳ ವಾದ. ಬೇಗ ಹೊರಟು, ಅದೇ ಮೇನ್ ರೋಡಿನಲ್ಲಿ, ಅದೇ ಸ್ಟಾಪುಗಳಲ್ಲಿ ನಿಂತು, ಗೇಟು ತೆರೆಯುವ ಮೊದಲೇ ಶಾಲೆ ಮುಟ್ಟಿದಳು. ಹೀಗೇ ನಡೆಯುತ್ತಿರುವಾಗ ಒಂದು ದಿನ ಬೇಕರಿ ಸ್ಟಾಪಿನಲ್ಲಿ ಒಬ್ಬ ತಾಯಿ ಮಗನ ಕೈ ಹಿಡಿದು, ಬಾರದ ಬಸ್ಸಿಗೆ ಕತ್ತು ಉದ್ದ ಮಾಡಿಕೊಂಡು ನಿಂತಿದ್ದಳು. ಹುಡುಗ ಮೊಮ್ಮಗಳ ಕ್ಲಾಸಿನವನೇ. ನಮ್ಮ ಜೊತೆ ಬನ್ನಿ ಎಂದಳು ಡ್ರೈವರಮ್ಮ. ಆ ತಾಯಿ ಮೊದಲ ದಿನ ತಾನೂ ಜೊತೆಗೆ ನಡೆದು ನೋಡಿದಳು. ಮರುದಿನ ಮಗನನ್ನು ಒಪ್ಪಿಸಿ ಕೆಲಸಕ್ಕೆ ಓಡಿದಳು.

ಸುದ್ದಿ ಬಾಯಿಂದ ಬಾಯಿಗೆ ಹೋಯಿತು. ಔಷಧಿ ಅಂಗಡಿಯ ಸ್ಟಾಪಿನಲ್ಲಿ ಒಬ್ಬಳು ಮಾತಿನ ಮಲ್ಲಿ ಹತ್ತಿಕೊಂಡಳು. ಅಂಚೆ ಕಚೇರಿಯ ಸ್ಟಾಪಿನಲ್ಲಿ ಅವಳಿ ಮಕ್ಕಳು, ಅವರ ತಾಯಿ ಸೊಸೆಯ ಆಸ್ಪತ್ರೆಯಲ್ಲೇ ಕೆಲಸಕ್ಕಿದ್ದವಳು, ಅಜ್ಜಿಯ ಸುದ್ದಿಯನ್ನು ಅಲ್ಲಿಗೂ ಮುಟ್ಟಿಸಿದವಳು. ಹತ್ತಿಕೊಳ್ಳುವುದು ಎಂದರೆ ಇಬ್ಬಿಬ್ಬರಾಗಿ ಕೈ ಹಿಡಿದು ಸಾಲಿಗೆ ಸೇರುವುದು. ಮುಂದೆ ಬೆನ್ನು ಸೆಟೆಸಿಕೊಂಡು ಡ್ರೈವರಮ್ಮ, ಕೊನೆಯಲ್ಲಿ ಮೊಮ್ಮಗಳು. ಎಲ್ಲರೂ ಬಂದರು ಎಂದು ನೋಡಿ ಅವಳು "ರೈಟ್" ಎನ್ನಬೇಕು. ಅಲ್ಲಿಯವರೆಗೆ ಅಜ್ಜಿ ಮಿಸುಕುತ್ತಿರಲಿಲ್ಲ. ತಡವಾಗಿ ಬರುವವರಿಗೆ ಕಾಯುವ ಮಾತೇ ಇಲ್ಲ. ಶೂ ಲೇಸು ಕಟ್ಟದೆ ಎದ್ದುಬಿದ್ದು ಓಡಿಬರುವವರನ್ನು ಕಂಡರೆ ಅವಳಿಗೆ ಒಳಗೊಳಗೇ ನಗು, ಹೊರಗೆ ಗಂಟುಮುಖ. ಒಂದು ದಿನ ನಿಜವಾದ ಬಸ್ಸಿನ ಡ್ರೈವರೊಬ್ಬ ಈ ಸಾಲನ್ನು ನೋಡಿ, ಎದುರಿನಿಂದ ಬರುವ ಬಸ್ಸಿಗೆ ಎತ್ತುವ ಹಾಗೆ ಕೈಯೆತ್ತಿ ಹೋದ. ಡ್ರೈವರಮ್ಮ ಹಿಗ್ಗಿ ಹೀರೇಕಾಯಿಯಾದಳು.

ಆದರೆ ಮನೆಯಲ್ಲಿ ಸೊಸೆ ವ್ಯಾನಿನ ವಿಷಯ ಎತ್ತಲಿಲ್ಲ. ಬೇಡ ಎಂದೂ ಹೇಳಲಿಲ್ಲ. ಡ್ರೈವರಮ್ಮನೂ ಕೇಳಲಿಲ್ಲ. ಅಂಗಲಾಚಿ ಉಳಿಸಿಕೊಳ್ಳುವ ಕೆಲಸ ಅವಳಿಗೆ ಬೇಡವಾಗಿತ್ತು. ತಿಂಗಳ ಕೊನೆಗೆ ಮಂಚದ ಕೆಳಗಿನ ಟ್ರಂಕನ್ನು ಹೊರಗೆಳೆದು ಧೂಳು ಒರೆಸಿಟ್ಟಳು. ಅಷ್ಟು ಮಾಡುವಷ್ಟರಲ್ಲಿ ಅವಳಿಗೆ ಸಾಕುಸಾಕಾಗಿತ್ತು.

ಹೊಸ ತಿಂಗಳ ಮೊದಲ ಬೆಳಿಗ್ಗೆ ಅವಳು ಮಗನ ಮನೆಗೆ ಬಂದರೆ ವ್ಯಾನು ಬಾಗಿಲಲ್ಲೇ ನಿಂತಿದೆ. ಸೊಸೆಗೆ ಅಂದು ಮಧ್ಯಾಹ್ನದ ಪಾಳಿ. ಅವಳೇ ಮಗಳ ಬ್ಯಾಗು ಹಿಡಿದು ಹೊರಗೆ ಬಂದಳು. ವ್ಯಾನಿನವನು ಬಾಗಿಲು ಸರಿಸಿ ಕೈ ಚಾಚಿದ. ಸೊಸೆ ಬ್ಯಾಗನ್ನು ಅವನ ಕೈಗೆ ಕೊಡದೆ ಮಗಳ ಹೆಗಲಿಗೇರಿಸಿದಳು.

"ಬೇಡಪ್ಪ. ನಿನ್ನೇನೇ ಫೋನ್ ಮಾಡ್ಬೇಕಿತ್ತು, ಮರ್ತುಬಿಟ್ಟೆ. ನಮ್ಮನೇಲೇ ಡ್ರೈವರ್ ಇದ್ದಾರೆ."

ಅವನು ಅತ್ತಿತ್ತ ನೋಡಿದ. ಮನೆಯ ಮುಂದೆ ಕಾರಿಲ್ಲ, ಸ್ಕೂಟರೂ ಇಲ್ಲ. ಎಲ್ಲಿದ್ದಾರೆ ಡ್ರೈವರು ಎಂದು ಕೇಳಿದ.

"ಇವರೇ. ನಮ್ಮತ್ತೆ," ಎಂದಳು ಸೊಸೆ, ಅಕ್ಕಪಕ್ಕದ ಮನೆಯವರಿಗೂ ಕೇಳಿಸುವಂತೆ.

ಡ್ರೈವರಮ್ಮ ವ್ಯಾನಿನವನ ಎದುರು ಅಳುವುದೇ? ಅವಳು ಮೊಮ್ಮಗಳ ಕೈ ಹಿಡಿದು, ತಲೆಯೆತ್ತಿ, ಅವನ ವ್ಯಾನಿನ ಮುಂದಿನಿಂದಲೇ ದಾಟಿ ಮೇನ್ ರೋಡಿನ ಕಡೆ ನಡೆದಳು.