ನೆಟ್ಟಗೆ ನಿಲ್ಲಿಸಿದ ಹಲಗೆ

ಪಕ್ಕದ ಮನೆಯವನು ಮೊನ್ನೆ ಗೇಟಿಗೆ ಬಿಳಿ ಸ್ಪ್ರೇ ಪೇಂಟ್ ಹೊಡೆಯುತ್ತಿದ್ದ. ಆ ಘಾಟು ಮೂಗಿಗೆ ಬಡಿದದ್ದೇ ತಡ, ಇಲ್ಲಿ ಇಂಗ್ಲೆಂಡಿನ ವಾರಿಂಗ್ಟನ್ ಊರಿನಾಚೆ ಇದ್ದ ನಮ್ಮ ಏರ್ ರೈಫಲ್ ಕ್ಲಬ್ಬಿನ ಕಾಕಾ ಕಣ್ಣ ಮುಂದೆ ಬಂದು ನಿಂತರು. ಪೆಲೆಟ್ ಗುಂಡು ತಾಗಿದ ಗುರುತು ಕಾಣಲೆಂದು ಪ್ರತಿ ಸುತ್ತಿನ ನಂತರ ಗುರಿಯ ಉಕ್ಕಿನ ಹಲಗೆಗಳಿಗೆ ಅವರು ಇದನ್ನೇ ಹೊಡೆಯುತ್ತಿದ್ದರು...

ಸ್ವಂತ ಕಾಕಾ ಏನಲ್ಲ. ಹುಬ್ಬಳ್ಳಿ ಕಡೆಯವರು, ಇಲ್ಲೇ ಕಣ್ಣಿನ ಡಾಕ್ಟರಾಗಿದ್ದು ನಿವೃತ್ತರಾದವರು. ನಾನು ಹಾವೇರಿಯವನು, ಪಕ್ಕದ ಬರ್ಚ್‌ವುಡ್‌ನಲ್ಲಿ ಎಂಜಿನಿಯರ್. ಗುರಿ ಹೊಡೆಯುವ ರೇಂಜಿನ ಉಸ್ತುವಾರಿ ಅವರದು, ಎಲ್ಲದಕ್ಕೂ ಅವರದೊಂದು ಶಾಸ್ತ್ರ. ಸಿಡಿದ ಚೂರು ನೆಲಕ್ಕೆ ಹೋಗುವಂತೆ ಹಲಗೆಯ ಮೋರೆ ಕೆಳಕ್ಕೆ ಬಾಗಿರಬೇಕು. ಗುಳಿ ಬಿದ್ದ ಹಲಗೆ ಗುಜರಿಗೆ ಹೋಗಬೇಕು. ಹಿಂದೆ ಕೂತು ನೋಡುವವರೂ ದಪ್ಪ ಗಾಜಿನ ಕನ್ನಡಕ ಹಾಕಲೇಬೇಕು. ಒಮ್ಮೆ ನನಗೆ ರೇಗಿಹೋಯಿತು.

"ಹಿಂದ ಕುಂತು ಚಹಾ ಕುಡಿಯೋರಿಗೂ ಕನ್ನಡಕ ಯಾಕ್ರೀ ಕಾಕಾ?"

"ಚಹಾ ಬಾಯಿಲೆ ಕುಡೀತಾರಪಾ. ಕಣ್ಣು ತೆರದ ಇರ್ತಾವಲ್ಲ" ಎಂದರು.

ಒಂದು ವರ್ಷ ಆಯುಧ ಪೂಜೆಗೆ ನಾಲ್ಕು ಕನ್ನಡಿಗ ಮನೆಯವರು ಕ್ಲಬ್ಬಿನಲ್ಲೇ ಸೇರಿದ್ದೆವು. ನನ್ನ ಮಗಳಿಗೆ ಆಗ ಹತ್ತು. ರೈಫಲ್‌ಗಳಿಗೆ ಹೂವೇರಿಸಿದ ಮೇಲೆ, ಹಲಗೆಗೂ ವಿಭೂತಿ ಹಚ್ಚೋಣವೆಂದು ಹೊರಟವನು ನಾನೇ. ಬಾಗಿದ ಹಲಗೆಯ ಮೇಲೆ ಮೂರು ಬೆರಳಿನ ಪಟ್ಟೆ ಸರಿಯಾಗಿ ಮೂಡಲಿಲ್ಲ. ಹಿಂದಿನ ಬೋಲ್ಟ್ ಸಡಿಲಿಸಿ ಅದನ್ನು ನೆಟ್ಟಗೆ ನಿಲ್ಲಿಸಿ, ಬಿಗಿದು, ಅಂದವಾಗಿ ಹಚ್ಚಿ ಕೈಮುಗಿದೆ. ಮತ್ತೆ ಬಾಗಿಸುವುದು ಮರೆತೇಹೋಯಿತು. ಎಂಜಿನಿಯರಂತೆ, ಥೂ ನನ್ನ! ಪ್ರಸಾದ ಹಂಚುವ ಗಡಿಬಿಡಿಯಲ್ಲಿ ಕಾಕಾ ಕೂಡ ಹಲಗೆಯತ್ತ ಹೋಗಿ ನೋಡಲಿಲ್ಲ.

ಮೊದಲ ಹೊಡೆತ ನನ್ನದು. ಟಣ್ ಎಂದ ಮರುಕ್ಷಣವೇ ಹಿಂದೆ ಮಗಳು ಚೀರಿದಳು. ತಿರುಗಿದರೆ ಎರಡೂ ಕೈಯಲ್ಲಿ ಮುಖ ಮುಚ್ಚಿಕೊಂಡಿದ್ದಾಳೆ.

"ಎಲ್ಲಾರೂ ಬಂದೂಕು ಕೆಳಗಿಡ್ರಿ!" ಎಂದು ಕೂಗಿದ ಕಾಕಾ ಓಡಿಬಂದು ಅವಳ ಮುಂದೆ ಮಂಡಿಯೂರಿದರು. ಮೆಲ್ಲಗೆ ಕೈ ಬಿಡಿಸಿದರು. ಕನ್ನಡಕದ ಬಲಗಾಜಿನ ನಟ್ಟನಡುವೆ ಜೋಳದ ಕಾಳಿನಷ್ಟು ತರಚು. ಅದರ ಹಿಂದೆ ಕಣ್ಣು ಪಿಳಿಪಿಳಿ ಅನ್ನುತ್ತಿತ್ತು... ಟಾರ್ಚ್ ಹಿಡಿದು ಎರಡೂ ಕಣ್ಣು ನೋಡಿ, "ಏನೂ ಆಗಿಲ್ಲಪಾ" ಎಂದರು. "ಐ ಆಮ್ ಫೈನ್, ಅಪ್ಪಾ" ಎಂದಳು ಅವಳು. ನಾನು ಹುಲ್ಲಿನ ಮೇಲೆ ಕುಸಿದು, ಎಲ್ಲರೆದುರೇ ಬಿಕ್ಕಿ ಬಿಕ್ಕಿ ಅತ್ತೆ.

ಹಲಗೆ ಪರೀಕ್ಷಿಸದೇ ಇದ್ದದ್ದು ತಮ್ಮ ತಪ್ಪೆಂದು ಕಾಕಾ ಕ್ಲಬ್ಬಿನ ಪುಸ್ತಕದಲ್ಲಿ ಬರೆದು, ಉಸ್ತುವಾರಿ ಬಿಟ್ಟುಕೊಟ್ಟರು. ನಾನು ಅಲ್ಲೇ ನಿಂತಿದ್ದೆ. ಹಲಗೆ ನೆಟ್ಟಗೆ ಮಾಡಿದ್ದು ನಾನೆಂಬ ಮಾತು ನಾಲಿಗೆ ತುದಿಗೆ ಬಂದರೂ ನುಂಗಿಕೊಂಡೆ. ಎಂಥ ಹೇಡಿ ನಾನು! ವರ್ಷಗಟ್ಟಲೆ ಅವರ ಮುಖ ಕಂಡಾಗಲೆಲ್ಲ ಬೇರೆ ಏನಾದರೂ ಮಾತು ತೆಗೆಯುತ್ತಿದ್ದೆ.

ಕಳೆದ ಚಳಿಗಾಲ ಅವರು ಆಸ್ಪತ್ರೆ ಸೇರಿದಾಗ ತಡೆಯಲಾಗಲಿಲ್ಲ. "ಕಾಕಾ, ಅವತ್ತು ಹಲಗಿ ನೆಟ್ಟಗ ನಿಲ್ಲಿಸಿದಾಂವ ನಾನ ರೀ" ಎಂದುಬಿಟ್ಟೆ.

"ಗೊತ್ತಿತ್ತೋ ತಮ್ಮಾ" ಎಂದರು. "ಇಲ್ಲಿ ನಿನ್ನ ಬಿಟ್ರ ಹಲಗಿಗೂ ವಿಭೂತಿ ಹಚ್ಚೋರು ಯಾರದಾರ?"

"ಮತ್ತ ಯಾಕ ಹೇಳಲಿಲ್ರೀ?"

"ನೀ ಅವತ್ತ ಅತ್ತಿದ್ದು ಸಾಕಾತು ಬಿಡು."

ನಗು ಬಂತು, ಅಳುವೂ ಬಂತು. ಎದೆಯ ಮೇಲಿನ ಕಲ್ಲು ಅಂದು ಇಳಿಯಿತು. ಅದಾದ ಎರಡೇ ವಾರಕ್ಕೆ ಕಾಕಾ ಹೋಗಿಬಿಟ್ಟರು... ಇನ್ನೂ ತಡ ಮಾಡಿದ್ದರೆ ನನ್ನ ಗತಿ ಏನಾಗುತ್ತಿತ್ತೋ.

ಮಗಳು ಈಗ ದೂರದ ಸೆಲ್ಲಿ ಓಕ್‌ನಲ್ಲಿ ಗೆಳತಿಯರ ಜೊತೆ ಮನೆ ಮಾಡಿಕೊಂಡು ಯೂನಿವರ್ಸಿಟಿಯಲ್ಲಿ ಓದುತ್ತಿದ್ದಾಳೆ. ಭಾನುವಾರ ವಿಡಿಯೋ ಕಾಲ್ ಮಾಡುತ್ತಾಳೆ. ಅವಳು ಏನೇನೋ ಹೇಳುತ್ತಿರುತ್ತಾಳೆ, ನಾನು ಅವಳ ಬಲಗಣ್ಣನ್ನೇ ನೋಡುತ್ತಿರುತ್ತೇನೆ.