ಬಸ್ಸಿನ ಡಿಕ್ಕಿಯಲ್ಲಿ ಅಕ್ಕನ ಹೊಲಿಗೆ ಮಷಿನ್

ಕೊರೊನಾ ಕಳೆದು ಕಾಲೇಜುಗಳು ಮತ್ತೆ ಸರಿಯಾಗಿ ನಡೆಯತೊಡಗಿದ ವರ್ಷ. ಗುಬ್ಬಿಯಲ್ಲಿ ಏಳನೇ ಕ್ಲಾಸಿಗೆ ಶಾಲೆ ಬಿಟ್ಟಿದ್ದ ನಾನು ಆಗ ತುಮಕೂರಿನ ಒಂದು ಖಾಸಗಿ ಕಾಲೇಜಿನ ಬಸ್ ಡ್ರೈವರ್. ಎರಡು ದಿನದ ಸೇವಾ ಶಿಬಿರಕ್ಕೆಂದು ವಿದ್ಯಾರ್ಥಿಗಳನ್ನು ಕುಣಿಗಲ್ ತಾಲ್ಲೂಕಿನ ಕೊತ್ತಗೆರೆ ಕಡೆಯ ಒಂದು ಹಳ್ಳಿಗೆ ಕರೆದೊಯ್ದೆ. ಚರಂಡಿ ಸ್ವಚ್ಛ ಮಾಡುವುದು, ಮನೆಮನೆಗೆ ಹೋಗಿ ಬಡತನ ಎಂದರೇನೆಂದು ತಿಳಿಯುವುದು ಅವರ ಕೆಲಸ.

ನನ್ನ ಅಕ್ಕ ಗೌರಮ್ಮನನ್ನು ಕೊಟ್ಟದ್ದು ಅದೇ ಊರಿಗೆ. ಇದನ್ನು ನಾನು ಬಸ್ಸಿನಲ್ಲಿ ಯಾರಿಗೂ ಹೇಳಲಿಲ್ಲ. ಹುಡುಗರು ನೋಡಲು ಬಂದಿದ್ದ ಬಡವರಲ್ಲಿ ನನ್ನ ಅಕ್ಕನೂ ಒಬ್ಬಳೆಂದು ತಿಳಿಯುವುದು ನನಗೆ ಬೇಕಿರಲಿಲ್ಲ.

ಮೊದಲ ದಿನವೇ ಊರಿನವರಿಗೆ ಅನುಮಾನ ಬಂತು. ಟಿವಿ ಇದೆಯೇ, ಗಾಡಿ ಇದೆಯೇ, ದುಡಿಯುವವರೆಷ್ಟು ಎಂದು ಹುಡುಗರು ಕೇಳಿ ಮೊಬೈಲಿನಲ್ಲಿ ಬರೆದುಕೊಳ್ಳುತ್ತಿದ್ದರು. ಅನುಕೂಲಸ್ಥರ ಬಿಪಿಎಲ್ ಕಾರ್ಡು ರದ್ದು ಮಾಡಲು ಬರುವವರೂ ಇವನ್ನೇ ಕೇಳುತ್ತಾರೆ. ಮಧ್ಯಾಹ್ನದೊಳಗೆ ಬೀದಿಯ ಬೈಕುಗಳೆಲ್ಲ ಮಾಯವಾದವು. ಅಕ್ಕ ಬಸ್ಸಿನ ಹಿಂದೆ ಬಂದು ನಿಂತಳು.

"ನಿಜ ಹೇಳ್ಲಾ, ಇವ್ರು ಕಾರ್ಡ್ ಕೀಳಾಕೆ ಬಂದವ್ರಾ?"

"ಓದೋ ಮಕ್ಳು ಅಂತಾರಪ್ಪ. ನಂಗೇನ್ ಗೊತ್ತು, ನಾನು ಗಾಡಿ ಓಡ್ಸೋನು."

"ಓದೋ ಮಕ್ಳಿಗೆ ನನ್ನ ಮಿಕ್ಸಿ ಯಾಕ್ಲಾ ಬೇಕು? ಹೊಲಿಗೆ ಮಷಿನ್ ಕಂಡ್ರೆ ಸಂಪಾದ್ನೆ ಐತೆ ಅಂತ ಬರ್ಕೋತಾರೆ. ಅಕ್ಕಿ ನಿಂತೋದ್ರೆ ನೀನು ತಂದಾಕ್ತೀಯಾ?"

ನನಗೂ ಒಳಗೊಳಗೆ ಅನುಮಾನ. ಆ ಉತ್ತರಗಳು ಕಡೆಗೆ ಯಾರ ಕೈ ಸೇರುತ್ತವೋ! ಜೊತೆಗೆ ಬಂದಿದ್ದ ಮೇಷ್ಟರನ್ನು ಕೇಳಬಹುದಿತ್ತು. ಕೇಳಿದರೆ ನಿಮಗೇಕೆ ಎಂದಾರು. ಕತ್ತಲಾದ ಮೇಲೆ ಮಷಿನ್ನನ್ನು ಮೇಜಿನಿಂದ ಬಿಚ್ಚಿ, ಗೋಣಿಚೀಲದಲ್ಲಿ ಸುತ್ತಿ ಬಸ್ಸಿನ ಡಿಕ್ಕಿಯಲ್ಲಿಟ್ಟೆ. ಅವಸರದಲ್ಲಿ ಸೂಜಿಯಡಿ ಸಿಕ್ಕಿದ್ದ ಅರ್ಧ ಹೊಲಿದ ಬ್ಲೌಸನ್ನು ತೆಗೆಯಲಿಲ್ಲ.

ಮರುದಿನ ಬೆಳಿಗ್ಗೆ ಮನೆಗೆ ಬಂದ ಹುಡುಗರಿಗೆ ಅಕ್ಕ, ಹೊಲಿಗೆ ಬರುತ್ತದೆ, ಮಷಿನ್ ಇಲ್ಲ ಎಂದಳಂತೆ. ಬರಿದಾದ ಮನೆ ಕಂಡು ಒಬ್ಬ ಹುಡುಗಿ ಅತ್ತೇ ಬಿಟ್ಟಳಂತೆ. ಹಗಲಿನಲ್ಲಿ ಎಲ್ಲರ ಕಣ್ಣೆದುರು ಮಷಿನ್ ಇಳಿಸಲು ಆಗಿರಲಿಲ್ಲ. ಸಂಜೆ ಹೊರಡುವಾಗ ಅದೇ ಹುಡುಗಿ ಬ್ಯಾಗಿಡಲು ಬಂದು ಗೋಣಿಚೀಲ ಎಳೆದಳು, ಚೀಲ ಜಾರಿ ಮಷಿನ್ನೂ ಬ್ಲೌಸೂ ಹೊರಗೆ ಕಂಡವು. ಬೀಳ್ಕೊಡಲು ನಿಂತಿದ್ದ ಪಕ್ಕದ ಮನೆಯ ಹೆಂಗಸು ಕೂಗಿಕೊಂಡಳು.

"ಅಯ್ಯೋ, ನನ್ನ ಬ್ಲೌಸು! ಗೌರಕ್ಕ, ಹಬ್ಬಕ್ಕೆ ಕೊಡ್ತೀನಿ ಅಂದ್ಬಿಟ್ಟು ತುಮ್ಕೂರಿಗೆ ಕಳಿಸ್ತಿದ್ದೀಯಲ್ಲೇ!"

ಮೇಷ್ಟರು ನನ್ನ ಕಡೆ ತಿರುಗಿದರು. "ಡಿಕ್ಕಿ ಕೀ ನಿಮ್ಮ ಹತ್ರ ತಾನೆ ಇರೋದು?"

"ಲಾಕ್ ಮಾಡೋದು ಮರ್ತಿದ್ದೆ ಸಾರ್. ಯಾರಿಟ್ರೋ ಗೊತ್ತಿಲ್ಲ."

ಅಕ್ಕ ನನ್ನನ್ನೇ ನೋಡಿದಳು. ಆಮೇಲೆ ಮೇಷ್ಟರಿಗೆ ಹೇಳಿದಳು: "ನಾನೇ ಇಟ್ಟೆ ಸಾ. ಈಯಪ್ಪಂಗೆ ಏನೂ ಗೊತ್ತಿಲ್ಲ."

ಒಡಹುಟ್ಟಿದ ನನ್ನನ್ನು ಈಯಪ್ಪ ಎಂದಳು. ಮಷಿನ್ ಎದೆಗವಚಿಕೊಂಡು ಅಷ್ಟು ಜನರ ನಡುವೆ ಒಬ್ಬಳೇ ಮನೆಗೆ ನಡೆದಳು. ನಾನು ಹೋಗಿ ಸ್ಟೇರಿಂಗ್ ಹಿಡಿದೆ.

ದಾರಿಯಲ್ಲಿ ಮೇಷ್ಟರು, ಶಿಬಿರದಲ್ಲಿ ಏನು ಕಲಿತಿರಿ ಎಂದು ಕೇಳಿದರು. ಬೆಳಿಗ್ಗೆ ಅತ್ತಿದ್ದ ಹುಡುಗಿಯೇ ಎದ್ದು, "ಬಡವ್ರು ಅಂತ ಎಲ್ರನ್ನೂ ನಂಬಬಾರ್ದು ಸಾರ್," ಎಂದಳು. ಇಡೀ ಬಸ್ಸು ನಕ್ಕಿತು. ತುಮಕೂರಿನ ಬಟವಾಡಿಯಲ್ಲಿ ಕೊನೆಯವರನ್ನು ಇಳಿಸಿ ನಾನು ಡಿಕ್ಕಿಗೆ ಬೀಗ ಹಾಕಿದೆ.

ಈಗ ಯಾವ ಹಳ್ಳಿಗೆ ಹೋದರೂ, ನೀವು ಯಾರು, ಯಾತಕ್ಕೆ ಕೇಳುತ್ತಿದ್ದೀರಿ ಎಂದು ಮೊದಲು ಆ ಜನಕ್ಕೆ ಹೇಳಿ ಎಂದು ಹುಡುಗರಿಗೆ ಹೇಳಿಯೇ ಬಸ್ಸಿನ ಬಾಗಿಲು ತೆಗೆಯುತ್ತೇನೆ. ಕೆಲಸ ನನಗೆ ಕಲಿಸಿದ್ದು ಇಷ್ಟು. ಅಂದು ಹುಡುಗರು ಯಾಕೆ ಬಂದರೆಂದು ಊರಿಗೂ, ಊರು ಯಾಕೆ ಹೆದರಿತೆಂದು ಹುಡುಗರಿಗೂ ನಂಬುವಂತೆ ಹೇಳಬಲ್ಲವನು ಆ ಊರಿನಲ್ಲಿ ಒಬ್ಬನೇ ಇದ್ದ. ಅವನು ಗೌರಮ್ಮನ ತಮ್ಮ.